ಉಂಡೆಯಾದ ಜೀವಿಯನ್ನು ಗುರುತಿಸುವ ಪ್ರಮಾಣ

ಮುಂಗಾರು ಹಿಡಿದ ಮೇಲೆ ಪಶ್ಚಿಮಘಟ್ಟದ ಕಾಡಿನಲ್ಲಿ ತರಗೆಲೆಯ ಅಡಿಯಿಂದ, ಕೊಳೆತ ದಿಮ್ಮಿಯ ಸಂದಿನಿಂದ ಹೊರಬರುವ ಜೀವಿಗಳಲ್ಲಿ ದೈತ್ಯ ಉಂಡೆ ಸಹಸ್ರಪದಿಯೂ ಒಂದು. ಅದರ ಬೆನ್ನನ್ನು ಒಂದರೊಳಗೊಂದು ಜಾರುವ ಗಟ್ಟಿ ಫಲಕಗಳು ಮುಚ್ಚಿರುತ್ತವೆ. ಅಪಾಯ ಸುಳಿದರೆ ತಲೆ, ಕುಡಿಮೀಸೆ, ಕಾಲುಗಳನ್ನೆಲ್ಲ ಒಳಗೆಳೆದುಕೊಂಡು ಅದು ಸಂದಿಲ್ಲದ ಗೋಲವಾಗುತ್ತದೆ. ಪ್ರಾಣಿಶಾಸ್ತ್ರ ಇದನ್ನು ಸ್ಫೀರೊಥೀರಿಡಾ ಎಂಬ ಗಣದಲ್ಲಿ ಇರಿಸಿದೆ. ಆಫ್ರಿಕಾದ ದಕ್ಷಿಣ ಭಾಗ, ಮಡಗಾಸ್ಕರ್, ದಕ್ಷಿಣ ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇದರ ನೆಲೆಗಳು. ಅಮೆರಿಕ ಖಂಡಗಳಲ್ಲಿ ಈ ಗಣ ಇಲ್ಲವೇ ಇಲ್ಲ. ಮಡಗಾಸ್ಕರ್‌ನ ಜೂಸ್ಫೀರಿಯಂ ಕುಲದ ಅತಿ ದೊಡ್ಡ ಪ್ರಭೇದಗಳು ಉಂಡೆಯಾದಾಗ ಹತ್ತಿರಹತ್ತಿರ ಕ್ರಿಕೆಟ್ ಚೆಂಡಿನಷ್ಟಾಗುತ್ತವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಪ್ರಭೇದಗಳು ಆರ್ಥ್ರೊಸ್ಫೀರಾ ಕುಲಕ್ಕೆ ಸೇರಿವೆ. ಈ ಕುಲವನ್ನು ಹೆಸರಿಸಿದವನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್, 1895ರಲ್ಲಿ. ಈ ಕುಲದ ಆರ್ಥ್ರೊಸ್ಫೀರಾ ಮ್ಯಾಗ್ನಾ ತರಗೆಲೆಯನ್ನೂ ತೋಟದ ಕಸವನ್ನೂ ತಿಂದು ಗೊಬ್ಬರವಾಗಿಸುವ ಬಗೆಯನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ.

ಇಂಥ ಜೀವಿಯೊಂದನ್ನು ಮೊದಲ ಸಲ ಕಂಡು ‘ಇದು ಅದೇ’ ಎನ್ನುವ ನಿರ್ಣಯದಲ್ಲಿ ಜ್ಞಾನಮೀಮಾಂಸೆಯ ಹಳೆಯ ಪ್ರಶ್ನೆಯೊಂದಿದೆ. ಕಣ್ಣಿಗೆ ಬೀಳುವುದು ಬಣ್ಣ, ಆಕಾರ, ಚಲನೆ. ಆ ವಸ್ತು ಯಾವ ಬಗೆಗೆ ಸೇರಿದ್ದು, ಯಾವ ಹೆಸರಿಗೆ ಸಲ್ಲುವುದು ಎಂಬುದು ಕಣ್ಣಿಗೆ ಬೀಳುವಂಥದ್ದಲ್ಲ. ಹಾಗಾದರೆ ಆ ಅರಿವು ಎಲ್ಲಿಂದ ಬಂತು? ಅದು ಪ್ರತ್ಯಕ್ಷವೇ, ಅನುಮಾನವೇ, ಬಲ್ಲವರ ಮಾತಿನಿಂದ ಬಂದ ಶಬ್ದಜ್ಞಾನವೇ, ಇಲ್ಲ ಇವು ಮೂರನ್ನೂ ಮೀರಿದ ಬೇರೊಂದು ಪ್ರಮಾಣವೇ, ಅಂದರೆ ಅರಿವಿನ ಸಾಧನವೇ? ಭಾರತೀಯ ದರ್ಶನಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದೂ ಕಾಡಿಗೆ ಹೋಗಿ ಅಪರಿಚಿತ ಪ್ರಾಣಿಯನ್ನು ಕಂಡವನೊಬ್ಬನ ಉದಾಹರಣೆಯಿಂದಲೇ. ಹಾಗಾಗಿ ಉಂಡೆ ಸಹಸ್ರಪದಿಯ ಗುರುತಿಸುವಿಕೆಯನ್ನು ಆ ಚರ್ಚೆಯ ಮೆಟ್ಟಿಲುಗಳಲ್ಲೇ ಹತ್ತಿ ನೋಡಬಹುದು.

ಸಂಶಯ

ನ್ಯಾಯದರ್ಶನ ಹೇಳುವ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ. ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತಿರುವುದು ಮರದ ಮೋಟೋ ಮನುಷ್ಯನೋ ಎಂಬುದು ಅದರ ಪ್ರಸಿದ್ಧ ಉದಾಹರಣೆ. ಎತ್ತರ ಎರಡಕ್ಕೂ ಸಾಮಾನ್ಯವಾದ ಧರ್ಮ, ಅದು ಕಾಣುತ್ತಿದೆ. ಕೈಕಾಲುಗಳಾಗಲಿ ಪೊಟರೆಯಾಗಲಿ ಒಂದೊಂದಕ್ಕೇ ಸೇರಿದ ವಿಶೇಷ ಧರ್ಮ, ಅದು ಕಾಣುತ್ತಿಲ್ಲ. ಸಾಮಾನ್ಯ ಕಂಡು ವಿಶೇಷ ಕಾಣದಿರುವಾಗ, ಆ ವಿಶೇಷದ ನೆನಪು ಮಾತ್ರ ಇರುವಾಗ ಮನಸ್ಸು ಎರಡು ಕಡೆಗೂ ತೂಗುತ್ತದೆ.

ಉಂಡೆಯಾದ ಸಹಸ್ರಪದಿ ಈ ಸ್ಥಿತಿಯನ್ನು ತಾನಾಗಿಯೇ ಉಂಟುಮಾಡುತ್ತದೆ. ದುಂಡಗಿನ ಆಕಾರ, ಕಂದು ಅಥವಾ ಕಪ್ಪು ಮಿಶ್ರಿತ ಬಣ್ಣ, ನಿಶ್ಚಲತೆ – ಇವು ಬಿದ್ದ ಕಾಯಿಗೂ ಬೀಜಕ್ಕೂ ನುಣುಪಾದ ಕಲ್ಲಿಗೂ ಸಾಮಾನ್ಯ. ಜೀವಿ ಎಂದು ತೋರಿಸಿಕೊಡುವ ಕಾಲು, ಕುಡಿಮೀಸೆಗಳೆಲ್ಲ ಒಳಗೆ. ಅನೇಕ ಸಹಸ್ರಪದಿಗಳು ಮುಟ್ಟಿದವರ ಮೇಲೆ ಘಾಟು ದ್ರವ ಸ್ರವಿಸುತ್ತವೆ. ಈ ಗಣದವುಗಳಿಗೆ ಅಂಥ ಗ್ರಂಥಿಗಳೇ ಇಲ್ಲ. ಕವಚವೇ ಮುಖ್ಯ ರಕ್ಷಣೆ. ಆಫ್ರಿಕಾದ ಪಟ್ಟೆ ಮುಂಗುಸಿ ಈ ಉಂಡೆಯನ್ನು ಹಿಂಗಾಲುಗಳ ನಡುವಿನಿಂದ ಬಂಡೆಗೆ ಎಸೆದು ಒಡೆಯುತ್ತದೆ. ನೋಡಬಂದವನು ಹಾಗೆ ಮಾಡುವಂತಿಲ್ಲ. ಬಲವಂತವಾಗಿ ಬಿಡಿಸಹೋದಷ್ಟೂ ಅದು ಬಿಗಿಯುತ್ತದೆ, ವಿಶೇಷ ಧರ್ಮಗಳು ಮರೆಯಲ್ಲೇ ಉಳಿಯುತ್ತವೆ. ಅಲುಗಾಡದೆ ಕಾದರೆ ಸ್ವಲ್ಪ ಹೊತ್ತಿಗೆ ಫಲಕಗಳು ಸಡಿಲಗೊಂಡು ಕುಡಿಮೀಸೆಗಳು ಹೊರಚಾಚುತ್ತವೆ. ವಿಶೇಷದರ್ಶನದಿಂದ ಸಂಶಯ ನಿವಾರಣೆಯಾಗುತ್ತದೆ ಎಂಬ ನಿಯಮಕ್ಕೆ ಇಲ್ಲೊಂದು ಪೂರ್ವಾಂಗ ಸೇರುತ್ತದೆ: ಆ ದರ್ಶನ ಸಿಗಬೇಕಾದರೆ ನೋಡಿಸಿಕೊಳ್ಳುವ ಜೀವಿಗೆ ನೋಡುವವನ ಭಯವಿರಬಾರದು.

ಜೈನ ದರ್ಶನದಲ್ಲಿ ಈ ಸಂಶಯಕ್ಕೆ ನೈತಿಕ ಮುಖವೂ ಇದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ: ಹುಳುಗಳಿಗೆ ಎರಡು, ಇರುವೆಗಳಿಗೆ ಮೂರು, ದುಂಬಿಗಳಿಗೆ ನಾಲ್ಕು, ಮನುಷ್ಯರಿಗೆ ಐದು. ಈ ವಿಂಗಡಣೆಯ ಗುರಿ ಹೆಸರಿಡುವುದಲ್ಲ, ನೋವು ಅನುಭವಿಸಬಲ್ಲದ್ದನ್ನು ಅರಿತು ಹಿಂಸೆ ತಪ್ಪಿಸುವುದು. ನಡೆಯುವಾಗ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿ, ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಲ್ಲುವ ಚಾತುರ್ಮಾಸ – ಎರಡರ ಹಿಂದೆಯೂ ಇರುವುದು ಇದೇ ಕಾಳಜಿ. ಸಹಸ್ರಪದಿಗಳು ನೆಲದ ಮೇಲೆ ಹೆಚ್ಚಾಗಿ ಓಡಾಡುವುದೂ ಆ ತಿಂಗಳುಗಳಲ್ಲೇ. ಈ ದೃಷ್ಟಿಯಲ್ಲಿ ‘ಇದು ಯಾವುದು’ ಎಂಬ ಪ್ರಶ್ನೆಗಿಂತ ‘ಇದು ಜೀವವೋ ಅಜೀವವೋ’ ಎಂಬುದು ಮೊದಲನೆಯದು. ಹಗ್ಗವನ್ನು ಹಾವೆಂದು ತಿಳಿದವನು ತಾನು ಹೆದರುತ್ತಾನೆ. ಜೀವಿಯನ್ನು ಕಲ್ಲೆಂದು ತಿಳಿದವನು ಅದನ್ನು ತುಳಿಯುತ್ತಾನೆ. ಎರಡನೆಯ ಭ್ರಮೆಯ ಬೆಲೆಯನ್ನು ತೆರುವುದು ಭ್ರಮೆಗೊಳಗಾದವನಲ್ಲ.

ಉಪಮಾನ

ಜೀವಿ ಎಂಬುದು ಖಚಿತವಾದ ಮೇಲೆ ‘ಯಾವುದು’ ಎಂಬ ಪ್ರಶ್ನೆ. ಇದಕ್ಕೆ ನ್ಯಾಯದರ್ಶನ ಉಪಮಾನವೆಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪುತ್ತದೆ. ಗವಯವೆಂಬ ಕಾಡುಪ್ರಾಣಿಯನ್ನು ಎಂದೂ ಕಾಣದ ಊರಿನವನಿಗೆ ಕಾಡನ್ನು ಬಲ್ಲವನೊಬ್ಬ ‘ಗವಯ ಹಸುವಿನಂತಿರುತ್ತದೆ’ ಎಂದು ಹೇಳಿರುತ್ತಾನೆ. ಊರಿನವನು ಕಾಡಿಗೆ ಹೋಗಿ ಹಸುವನ್ನು ಹೋಲುವ ಪ್ರಾಣಿಯನ್ನು ಕಾಣುತ್ತಾನೆ, ಕೇಳಿದ ಮಾತು ನೆನಪಾಗುತ್ತದೆ, ‘ಗವಯವೆಂಬ ಹೆಸರು ಇದಕ್ಕೆ ಸಲ್ಲುತ್ತದೆ’ ಎಂಬ ಅರಿವು ಮೂಡುತ್ತದೆ. ವಾತ್ಸ್ಯಾಯನನ ಭಾಷ್ಯದಿಂದ ಹಿಡಿದು ಇಂದಿಗೂ ಪಾಠಶಾಲೆಗಳಲ್ಲಿ ಓದಿಸುವ ಅನ್ನಂಭಟ್ಟನ ತರ್ಕಸಂಗ್ರಹದವರೆಗೆ ಇದೇ ಉದಾಹರಣೆ ಬಂದಿದೆ. ಹೆಸರಿಗೂ ಹೆಸರುಳ್ಳದ್ದಕ್ಕೂ ಇರುವ ಸಂಬಂಧದ ಅರಿವೇ ಇದರ ಫಲ.

ಎಲ್ಲ ದರ್ಶನಗಳೂ ಇದನ್ನು ಒಪ್ಪಲಿಲ್ಲ. ವೈಶೇಷಿಕದ ಪ್ರಶಸ್ತಪಾದ ಇದನ್ನು ಆಪ್ತವಾಕ್ಯದಲ್ಲೇ ಅಡಗಿಸಿದ: ಬಲ್ಲವನು ಹೇಳಿದ್ದರಿಂದ ತಿಳಿಯಿತು, ಅಷ್ಟೇ. ಬೌದ್ಧ ತಾರ್ಕಿಕ ದಿಙ್ನಾಗನಿಗೆ ಪ್ರತ್ಯಕ್ಷ, ಅನುಮಾನ ಎರಡೇ ಪ್ರಮಾಣಗಳಾದ್ದರಿಂದ ಮೂರನೆಯದಕ್ಕೆ ಎಡೆಯಿರಲಿಲ್ಲ. ಮೀಮಾಂಸಕರು ಉಪಮಾನವನ್ನು ಒಪ್ಪಿದರೂ ಅದರ ವಿಷಯವನ್ನು ಬದಲಿಸಿದರು: ಕಾಡಿನಲ್ಲಿ ಗವಯವನ್ನು ಕಂಡಾಗ ಹೊಸದಾಗಿ ತಿಳಿಯುವುದು ಮನೆಯಲ್ಲಿರುವ ಹಸು ಇದನ್ನು ಹೋಲುತ್ತದೆ ಎಂಬುದು. ನೈಯಾಯಿಕ ಉದಯನನು ನ್ಯಾಯಕುಸುಮಾಂಜಲಿಯಲ್ಲಿ ನ್ಯಾಯದ ಪಕ್ಷವನ್ನು ಎತ್ತಿಹಿಡಿದ. ಮಾತು ಕೇಳಿದಾಗ ಪ್ರಾಣಿ ಎದುರಿಗಿರಲಿಲ್ಲ. ಪ್ರಾಣಿ ಎದುರಿಗಿರುವಾಗ ಕಣ್ಣು ಹೆಸರನ್ನು ಕಾಣುವುದಿಲ್ಲ. ಎರಡನ್ನೂ ಬೆಸೆಯುವ ಕೆಲಸ ಇವೆರಡರಲ್ಲಿ ಯಾವುದೊಂದಕ್ಕೂ ಸಾಧ್ಯವಿಲ್ಲ ಎಂಬುದು ಆ ಪಕ್ಷದ ತಿರುಳು. ಪುಸ್ತಕದಲ್ಲಿ ಓದಿದ ವರ್ಣನೆಯನ್ನು ಹೊತ್ತು ಕಾಡಿಗೆ ಹೋಗುವ ಇಂದಿನ ಪ್ರಾಣಿವೀಕ್ಷಕನ ಸ್ಥಿತಿಯೂ ಇದೇ.

ಉಪಮಾನದ ಮೇಲಿನ ಅತಿ ತೀಕ್ಷ್ಣ ಆಕ್ಷೇಪ ನ್ಯಾಯಸೂತ್ರದ ಪೂರ್ವಪಕ್ಷದಲ್ಲೇ ಇದೆ. ಹೋಲಿಕೆ ಎಂದರೆ ಎಷ್ಟು ಹೋಲಿಕೆ? ಪೂರ್ತಿ ಹೋಲಿಕೆಯಾದರೆ ‘ಹಸು ಹಸುವಿನಂತಿದೆ’ ಎಂದಂತಾಗಿ ಏನೂ ತಿಳಿಯುವುದಿಲ್ಲ. ಬಹುಪಾಲು ಹೋಲಿಕೆಯಾದರೆ ಎತ್ತು ಎಮ್ಮೆಯೂ ಆಗಬೇಕು. ಅಲ್ಪಸ್ವಲ್ಪ ಹೋಲಿಕೆ ಸಾಕೆಂದರೆ ಲೋಕದಲ್ಲಿ ಯಾವುದೂ ಯಾವುದನ್ನಾದರೂ ಹೋಲುತ್ತದೆ. ಸೂತ್ರಕಾರನ ಉತ್ತರ ಚಿಕ್ಕದು: ಹೋಲಿಕೆಯ ಅಳತೆ ಮುಖ್ಯವಲ್ಲ, ಅದು ಪ್ರಸಿದ್ಧವಾದ, ಅಂದರೆ ಚೆನ್ನಾಗಿ ತಿಳಿದ ಸಾಧರ್ಮ್ಯವಾಗಿರಬೇಕು. ಉತ್ತರ ಸರಿಯೇ. ಆದರೆ ಯಾವ ಸಾಧರ್ಮ್ಯ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಪ್ರಶ್ನೆಯನ್ನು ಅದು ಮುಂದಕ್ಕೆ ತಳ್ಳುತ್ತದೆ. ಉಂಡೆಯಾಗುವ ಜೀವಿಗಳ ಲೋಕದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಲ್ಲುತ್ತದೆ.

ವೈಧರ್ಮ್ಯ

ಮುಟ್ಟಿದರೆ ಉಂಡೆಯಾಗುವ ಜೀವಿಗಳು ಅನೇಕ. ಕಲ್ಲು, ಕುಂಡಗಳ ಅಡಿಯಲ್ಲಿ ಸಿಗುವ ನೆಲವಾಸಿ ಐಸೊಪಾಡ್‌ಗಳಲ್ಲಿ ಕೆಲವು ಉಂಡೆಯಾಗುತ್ತವೆ. ಅವು ಏಡಿ, ಸೀಗಡಿಗಳ ಬಂಧುಗಳು. ಆಗ್ನೇಯ ಏಷ್ಯಾದ ಪೆರಿಸ್ಫೀರಸ್ ಕುಲದ ಹೆಣ್ಣು ಜಿರಳೆಗಳು ಉಂಡೆಯಾಗುತ್ತವೆ. ಗ್ಲೋಮೆರಿಡಾ ಎಂಬ ಮತ್ತೊಂದು ಗಣದ ಸಹಸ್ರಪದಿಗಳೂ ಉಂಡೆಯಾಗುತ್ತವೆ. ಅವು ಗಾತ್ರದಲ್ಲಿ ಚಿಕ್ಕವು. ‘ಐಸೊಪಾಡ್‌ನಂತೆ ಇರುತ್ತದೆ, ಆದರೆ ದೊಡ್ಡದು’ ಎಂಬ ವರ್ಣನೆ ಹೊತ್ತು ಹೊರಟವನು ದೈತ್ಯ ಸಹಸ್ರಪದಿಯನ್ನು ಕಂಡುಹಿಡಿದಾನು. ಆದರೆ ಅದರ ಮರಿಯನ್ನೂ ಐಸೊಪಾಡನ್ನೂ ಅದೇ ವರ್ಣನೆಯಿಂದ ಬೇರ್ಪಡಿಸಲಾರ.

ನ್ಯಾಯದರ್ಶನ ಈ ಕೊರತೆಯನ್ನು ಕಂಡಿತ್ತು. ಒಂಟೆಯನ್ನು ಕಾಣದ ದಕ್ಷಿಣದೇಶದವನು ಅದರ ನಿಂದೆಯನ್ನು ಕೇಳಿ, ಮುಂದೆ ಉತ್ತರಕ್ಕೆ ಹೋದಾಗ ಅದನ್ನು ಗುರುತಿಸುವ ಉದಾಹರಣೆಯನ್ನು ವಾಚಸ್ಪತಿಮಿಶ್ರ ಕೊಡುತ್ತಾನೆ. ಅಲ್ಲಿ ಗುರುತು ಸಿಗುವುದು ಸಾಮ್ಯದಿಂದಲ್ಲ, ಇತರ ಪ್ರಾಣಿಗಳಿಗಿಂತ ಅದು ಬೇರೆಯಾಗಿರುವುದರಿಂದ. ನಂತರದ ನೈಯಾಯಿಕರು ಉಪಮಾನವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಸಾದೃಶ್ಯದಿಂದ ಗವಯ, ವೈಧರ್ಮ್ಯದಿಂದ ಒಂಟೆ, ಅಸಾಧಾರಣ ಧರ್ಮದಿಂದ ಮೂಗಿನ ಮೇಲೆ ಕೊಂಬುಳ್ಳ ಖಡ್ಗಮೃಗ.

ಈ ಮೂರನ್ನೂ ಕ್ರಮವಾಗಿ ಬಳಸಿದರೆ ಉಂಡೆ ಬಿಚ್ಚದೆಯೇ ಸಾಕಷ್ಟು ತಿಳಿಯುತ್ತದೆ. ಐಸೊಪಾಡ್‌ನ ಬೆನ್ನಿನಲ್ಲಿ ಏಳು ಅಗಲ ಫಲಕಗಳಿದ್ದು, ಅವುಗಳ ಹಿಂದೆ ಕಿರಿದಾದ ತುಂಡುಗಳು ಒತ್ತಾಗಿ ಬರುತ್ತವೆ. ದೈತ್ಯ ಉಂಡೆ ಸಹಸ್ರಪದಿಯಲ್ಲಿ ಹಿಂತುದಿಗೆ ಅಂಥ ಕಿರು ತುಂಡುಗಳಿಲ್ಲ. ಒಂದೇ ದೊಡ್ಡ ಗುಮ್ಮಟದಂಥ ಗುದಫಲಕವಿದೆ. ಮುಂತುದಿಯಲ್ಲಿ ತಲೆಯ ಹಿಂದಿನ ಚಿಕ್ಕ ಕೊರಳಫಲಕವನ್ನು ಅನುಸರಿಸಿ ಬಹು ಅಗಲವಾದ ಎದೆಫಲಕವಿದೆ. ಅದರ ಅಂಚಿನ ತೋಡಿನಲ್ಲಿ ಇತರ ಫಲಕಗಳ ತುದಿಗಳು ಕೂತು ಉಂಡೆ ಬಿಗಿಯುತ್ತದೆ. ಕೊರಳಫಲಕ, ಎದೆಫಲಕ, ಅವುಗಳ ನಂತರದ ಹತ್ತು, ಕೊನೆಯ ಗುದಫಲಕ – ಒಟ್ಟು ಹದಿಮೂರು. ಉಂಡೆ ಬಿಚ್ಚಿದ ಮೇಲೆ ಇನ್ನಷ್ಟು ಗುರುತುಗಳು ಕಾಣುತ್ತವೆ. ಐಸೊಪಾಡ್‌ಗೆ ಏಳು ಜೊತೆ ಕಾಲು. ಬೆಳೆದ ಹೆಣ್ಣು ದೈತ್ಯ ಸಹಸ್ರಪದಿಗೆ ಇಪ್ಪತ್ತೊಂದು ಜೊತೆ. ಗ್ಲೋಮೆರಿಡಾದಲ್ಲಿ ಕಣ್ಣಿನ ಬಿಂದುಗಳು ಕೆಲವೇ, ಒಂದು ಸಾಲಿನಲ್ಲಿ; ದೈತ್ಯ ಸಹಸ್ರಪದಿಯಲ್ಲಿ ಬಹುಸಂಖ್ಯೆಯ ಬಿಂದುಗಳು ಗುಂಪಾಗಿ ಒತ್ತಿಕೊಂಡಿರುತ್ತವೆ.

ಲಕ್ಷಣ

ಗುರುತುಗಳನ್ನು ಒಂದು ಲಕ್ಷಣವಾಗಿ ಹೆಣೆಯುವಾಗ ಮೂರು ದೋಷಗಳನ್ನು ತಪ್ಪಿಸಬೇಕೆಂದು ತರ್ಕಶಾಸ್ತ್ರ ಹೇಳುತ್ತದೆ. ಹಸುವಿಗೆ ಕೊಂಬುಳ್ಳದ್ದು ಎಂಬ ಲಕ್ಷಣ ಕೊಟ್ಟರೆ ಎಮ್ಮೆಗೂ ಹಬ್ಬಿ ಅತಿವ್ಯಾಪ್ತಿ. ಕಪಿಲ ಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿದು ಅವ್ಯಾಪ್ತಿ. ಒಂದೇ ಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಸಲ್ಲದೆ ಅಸಂಭವ.

ಉಂಡೆ ಸಹಸ್ರಪದಿಯ ವರ್ಣನೆಗಳನ್ನು ಇದೇ ಒರೆಗೆ ಹಚ್ಚಬಹುದು. ‘ಮುಟ್ಟಿದರೆ ಉಂಡೆಯಾಗುವುದು’ ಎಂಬುದು ಐಸೊಪಾಡ್, ಜಿರಳೆಗಳಿಗೂ ಹಬ್ಬುವ ಅತಿವ್ಯಾಪ್ತಿ. ‘ಘಾಟು ದ್ರವ ಸ್ರವಿಸುವುದು’ ಎಂಬುದು ಈ ಗಣದ ಯಾವೊಂದಕ್ಕೂ ಸಲ್ಲದ ಅಸಂಭವ. ಅತಿ ನಿಖರವಾಗಿ ಕಾಣುವ ‘ಇಪ್ಪತ್ತೊಂದು ಜೊತೆ ಕಾಲುಳ್ಳದ್ದು’ ಎಂಬುದು ಅವ್ಯಾಪ್ತಿ: ಗಂಡಿನಲ್ಲಿ ದೇಹದ ಹಿಂತುದಿಗೆ, ಮಿಲನದ ವೇಳೆ ಹೆಣ್ಣನ್ನು ಹಿಡಿಯುವ ಇನ್ನೆರಡು ಜೊತೆ ಉಪಾಂಗಗಳಿವೆ, ಮರಿಯಲ್ಲಿ ಕಾಲುಗಳು ಕಡಿಮೆಯಿದ್ದು ಪೊರೆ ಕಳಚಿದಂತೆಲ್ಲ ಹೆಚ್ಚುತ್ತವೆ. ಆದ್ದರಿಂದ ಲಕ್ಷಣದೊಳಗೆ ವಯಸ್ಸು, ಲಿಂಗಗಳ ಷರತ್ತು ಸೇರಲೇಬೇಕು. ಸಂಖ್ಯೆ ನಿಖರವಾಗಿದ್ದ ಮಾತ್ರಕ್ಕೆ ಲಕ್ಷಣ ನಿರ್ದುಷ್ಟವಾಗುವುದಿಲ್ಲ.

ಜಾತಿ

ನಿರ್ದುಷ್ಟ ಲಕ್ಷಣ ಸಿಕ್ಕ ಮೇಲೂ ಆಳದ ಪ್ರಶ್ನೆಯೊಂದು ಉಳಿಯುತ್ತದೆ. ಬೇರೆಬೇರೆ ವ್ಯಕ್ತಿಗಳನ್ನು ಒಂದೇ ಬಗೆಯೆಂದು ಕರೆಯುವಾಗ ಅವುಗಳಲ್ಲಿ ನಿಜವಾಗಿ ಒಂದಾಗಿರುವುದು ಏನು? ನ್ಯಾಯ-ವೈಶೇಷಿಕರ ಪ್ರಕಾರ ಎಲ್ಲ ಹಸುಗಳಲ್ಲೂ ಗೋತ್ವವೆಂಬ ಒಂದೇ ನಿತ್ಯವಾದ ಜಾತಿ ಇದೆ. ಬೌದ್ಧರಾದ ದಿಙ್ನಾಗ, ಧರ್ಮಕೀರ್ತಿಗಳಿಗೆ ಅಂಥ ಜಾತಿ ಕಲ್ಪನೆ ಮಾತ್ರ. ಹಸು ಎಂಬ ಪದ ಮಾಡುವುದು ಹಸುವಲ್ಲದ್ದನ್ನು ಹೊರಗಿಡುವ ಕೆಲಸ, ಅಂದರೆ ಅಪೋಹ. ದ್ವೈತದರ್ಶನ ಎಲ್ಲ ವ್ಯಕ್ತಿಗಳಲ್ಲೂ ಹರಡಿರುವ ಒಂದೇ ಜಾತಿಯನ್ನು ನಿರಾಕರಿಸಿ, ಪ್ರತಿ ವ್ಯಕ್ತಿಗೂ ಅದರದೇ ಧರ್ಮವಿದೆ, ಆ ಧರ್ಮಗಳ ನಡುವೆ ಸಾದೃಶ್ಯವಿದೆ ಎನ್ನುತ್ತದೆ. ಸಾದೃಶ್ಯಕ್ಕೆ ಅದು ಸ್ವತಂತ್ರ ಪದಾರ್ಥದ ಸ್ಥಾನವನ್ನೇ ಕೊಟ್ಟಿದೆ. ಉಡುಪಿಯ ಮಧ್ವರಿಂದ ತರ್ಕತಾಂಡವ ಬರೆದ ವ್ಯಾಸತೀರ್ಥರವರೆಗೆ ನ್ಯಾಯದೊಂದಿಗೆ ಈ ಪರಂಪರೆಯ ವಾದ ನಡೆಯುತ್ತ ಬಂತು.

ಪ್ರಾಣಿಶಾಸ್ತ್ರದ ಗುರುತಿನ ಕೀಲಿಗಳು ನಡೆಯುವ ರೀತಿ ಅಪೋಹಕ್ಕೆ ಹತ್ತಿರ. ಏಳು ಜೊತೆ ಕಾಲಿದ್ದರೆ ಐಸೊಪಾಡ್, ಇಲ್ಲವಾದರೆ ಮುಂದಿನ ಮೆಟ್ಟಿಲು. ಹೀಗೆ ಪ್ರತಿ ಹಂತದಲ್ಲೂ ಅಲ್ಲದ್ದು ಕಳೆಯುತ್ತ ಹೋಗುತ್ತದೆ. ಆದರೆ ಕಳೆದುಳಿದದ್ದು ಬರೀ ನಮ್ಮ ಅನುಕೂಲದ ಗುಂಪೋ, ನಿಸರ್ಗದಲ್ಲೇ ಇರುವ ಗುಂಪೋ ಎಂಬುದನ್ನು ಕೀಲಿ ಹೇಳಲಾರದು.

ಇಲ್ಲಿ ಉದಯನನ ಇನ್ನೊಂದು ವಿಚಾರ ಕೆಲಸಕ್ಕೆ ಬರುತ್ತದೆ. ಕಂಡಕಂಡ ಸಾಮಾನ್ಯ ಧರ್ಮವೆಲ್ಲ ಜಾತಿಯಾಗಲಾರದೆಂದು ತೋರಿಸಲು ಅವನು ಕಿರಣಾವಳಿಯಲ್ಲಿ ಆರು ಜಾತಿಬಾಧಕಗಳನ್ನು ಪಟ್ಟಿ ಮಾಡಿದ. ಅವುಗಳಲ್ಲಿ ಒಂದು ಸಂಕರ. ಎರಡು ಧರ್ಮಗಳು ಕೆಲವೆಡೆ ಒಟ್ಟಿಗಿದ್ದು, ಬೇರೆಡೆ ಒಂದನ್ನು ಬಿಟ್ಟು ಇನ್ನೊಂದು ಇದ್ದರೆ, ಅಂದರೆ ಒಂದರೊಳಗೊಂದು ಪೂರ್ತಿ ಅಡಗದೆ ಅಡ್ಡಹಾಯ್ದರೆ, ಅವೆರಡನ್ನೂ ಒಟ್ಟಿಗೆ ಜಾತಿಯೆಂದು ಒಪ್ಪುವಂತಿಲ್ಲ. ಸಹಸ್ರಪದಿಯಾಗಿರುವುದು ಮತ್ತು ಉಂಡೆಯಾಗುವುದು ನಿಖರವಾಗಿ ಹೀಗಿವೆ. ಆರ್ಥ್ರೊಸ್ಫೀರಾದಲ್ಲಿ ಎರಡೂ ಇವೆ. ಉದ್ದನೆಯ ಸಹಸ್ರಪದಿಗಳು ಚಕ್ಕುಲಿಯಂತೆ ಸುತ್ತಿಕೊಳ್ಳುತ್ತವೆಯೇ ಹೊರತು ಉಂಡೆಯಾಗುವುದಿಲ್ಲ. ಐಸೊಪಾಡ್ ಉಂಡೆಯಾದರೂ ಸಹಸ್ರಪದಿಯಲ್ಲ. ಒಂದನ್ನಾದರೂ ಜಾತಿಯ ಸ್ಥಾನದಿಂದ ಉಪಾಧಿಯ, ಅಂದರೆ ಜಾತಿಯಲ್ಲದ ಸಾಮಾನ್ಯ ಧರ್ಮದ, ಸ್ಥಾನಕ್ಕೆ ಇಳಿಸಲೇಬೇಕು.

ಯಾವುದನ್ನು ಇಳಿಸಬೇಕೆಂದು ತರ್ಕವೊಂದೇ ಹೇಳುವುದಿಲ್ಲ. ಅದಕ್ಕೆ ವಂಶದ ಇತಿಹಾಸ ಬೇಕು. ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈಚೆಗೆ ಜೀವಿಗಳ ವರ್ಗೀಕರಣ ಸಮಾನ ಪೂರ್ವಜರ ಆಧಾರದ ಮೇಲೆ ನಿಂತಿದೆ. ಕವಲೊಡೆಯುತ್ತ ಬಂದ ವಂಶದಲ್ಲಿ ಗುಂಪುಗಳು ಸಹಜವಾಗಿಯೇ ಒಂದರೊಳಗೊಂದು ಅಡಗುತ್ತವೆ. ಅಡ್ಡಹಾಯುವ ಗುಣ ಎದುರಾದರೆ ಅದು ಬೇರೆಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಮೂಡಿದ್ದು ಅಥವಾ ಕೆಲವು ಕವಲುಗಳಲ್ಲಿ ಕಳೆದುಹೋದದ್ದು ಎಂದು ತಿಳಿಯಬೇಕು. ಮೆದು ಹೊಟ್ಟೆಯನ್ನು ಗಟ್ಟಿ ಬೆನ್ನಿನಿಂದ ಮುಚ್ಚಿಕೊಳ್ಳುವ ಅಗತ್ಯ ಹಲವು ವಂಶಗಳಿಗೆ ಬಂದಿತ್ತು. ಹಾಗಾಗಿ ಉಂಡೆಯ ಆಕಾರವೂ ಹಲವು ಸಲ ಮೂಡಿತು. ನ್ಯಾಯಸೂತ್ರ ಮುಂದಕ್ಕೆ ಬಿಟ್ಟಿದ್ದ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ: ಲೆಕ್ಕಕ್ಕೆ ಬರುವ ಸಾಧರ್ಮ್ಯ ಕಣ್ಣು ಸೆಳೆಯುವಂಥದ್ದಲ್ಲ, ಬೇರೆ ಸಾಧರ್ಮ್ಯಗಳೊಂದಿಗೆ ಸಂಕರವಿಲ್ಲದೆ ಹೊಂದಿಕೊಳ್ಳುವಂಥದ್ದು.

ಕಣ್ಣಿಗೆ ತೋರುವ ಸಾಮೀಪ್ಯ ವಂಶದ ಸಾಮೀಪ್ಯವಲ್ಲ ಎಂಬುದಕ್ಕೆ ಈ ಗಣದೊಳಗೇ ಉದಾಹರಣೆಯಿದೆ. ಮಡಗಾಸ್ಕರ್‌ನಲ್ಲಿ ಜೂಸ್ಫೀರಿಯಂ ಅಲ್ಲದೆ ಸ್ಫೀರೊಮೈಮಸ್ ಎಂಬ ಕುಲವೂ ಇದೆ. ಒಂದೇ ದ್ವೀಪದ ಇವೆರಡೂ ಪರಸ್ಪರ ಅತಿ ಹತ್ತಿರದ ಬಂಧುಗಳಾಗಿರಬೇಕೆಂದು ತೋರಬಹುದು. ಆದರೆ ಅಂಗರಚನೆ ಮತ್ತು ಡಿಎನ್‌ಎ ಅಧ್ಯಯನಗಳು ಸ್ಫೀರೊಮೈಮಸ್ಸನ್ನು ಭಾರತದ ಆರ್ಥ್ರೊಸ್ಫೀರಾದ ಪಕ್ಕದಲ್ಲಿ ಇರಿಸಿವೆ. ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟವು. ಸಹ್ಯಾದ್ರಿಯ ತರಗೆಲೆಯಲ್ಲಿರುವ ಜೀವಿಯ ಹತ್ತಿರದ ನೆಂಟ ಇರುವುದು ಸಮುದ್ರದಾಚೆ.

ಹೆಸರು

ಗಣ ಮತ್ತು ಕುಲ ತಿಳಿದ ಮೇಲೆ ಕೊನೆಯದು ಪ್ರಭೇದ. ಇಲ್ಲಿ ಬಣ್ಣವನ್ನು ನಂಬುವಂತಿಲ್ಲ. ಒಂದೇ ಪ್ರಭೇದದಲ್ಲಿ ಬಣ್ಣ ಬದಲಾಗಬಹುದು, ಎರಡು ಪ್ರಭೇದಗಳು ಒಂದೇ ಬಣ್ಣದವಾಗಿರಬಹುದು. ತಜ್ಞರು ಮುಖ್ಯವಾಗಿ ನೋಡುವುದು ಗಂಡಿನ ಹಿಂತುದಿಯ ಹಿಡಿಯುವ ಉಪಾಂಗಗಳ ರಚನೆಯನ್ನು, ಹೆಣ್ಣಿನ ಜನನಾಂಗದ ಫಲಕಗಳನ್ನು, ಈಚೆಗೆ ಡಿಎನ್‌ಎಯನ್ನು. ಹೆಸರು ಯಾವುದಕ್ಕೆ ಸಲ್ಲುತ್ತದೆ ಎಂಬ ಪ್ರಶ್ನೆಗೆ ಪ್ರಾಣಿನಾಮಕರಣದ ನಿಯಮಗಳು ಕೊಟ್ಟಿರುವ ಉತ್ತರ ಮಾದರಿ ನಮೂನೆ: ಪ್ರತಿ ಹೆಸರೂ ಸಂಗ್ರಹಾಲಯದಲ್ಲಿರುವ ಒಂದು ದೇಹಕ್ಕೆ ಕಟ್ಟಿಬಿದ್ದಿರುತ್ತದೆ. ಕಾಡಿನಲ್ಲಿ ಕಂಡದ್ದನ್ನು ಆ ಹೆಸರಿನಿಂದ ಕರೆಯುವವನು ಆ ದೇಹವನ್ನು ಕಂಡಿರುವುದಿಲ್ಲ. ಅದನ್ನು ಕಂಡು ವರ್ಣಿಸಿದವರ ಮಾತನ್ನು ನಂಬಿರುತ್ತಾನೆ. ಹೀಗೆ ಪ್ರಶಸ್ತಪಾದ ಒತ್ತಿಹೇಳಿದ ಆಪ್ತವಾಕ್ಯವಿಲ್ಲದೆ ಉಪಮಾನ ನಡೆಯುವುದಿಲ್ಲ. ಉದಯನ ಹೇಳಿದ ಬೆಸುಗೆಯಿಲ್ಲದೆ ಆಪ್ತವಾಕ್ಯ ಎದುರಿಗಿರುವ ಪ್ರಾಣಿಯನ್ನು ಮುಟ್ಟುವುದಿಲ್ಲ.

ಸಹಸ್ರಪದಿಗಳು ಒಂದನ್ನೊಂದು ಗುರುತಿಸುವ ದಾರಿ ಬೇರೆಯೇ ಇದೆ. ಆರ್ಥ್ರೊಸ್ಫೀರಾ ಸೇರಿರುವ ಕುಟುಂಬದ ಗಂಡುಗಳ ಹಿಂತುದಿಯ ಉಪಾಂಗದಲ್ಲಿ ಉಜ್ಜಿ ಸದ್ದು ಮಾಡುವ ಗೆರೆಗಳಿವೆ. ಆ ಕಂಪನದಿಂದ ಹೆಣ್ಣು ಉಂಡೆಯಾಗದೆ ಮಿಲನಕ್ಕೆ ಒಪ್ಪುತ್ತದೆಂದು ಅಧ್ಯಯನಕಾರರು ಭಾವಿಸುತ್ತಾರೆ. ಮನುಷ್ಯನ ಕಣ್ಣಿಗೆ ನಿರ್ಣಾಯಕವಾದ ಫಲಕಗಳ ಲೆಕ್ಕ ಅವುಗಳಿಗೆ ಬೇಕಿಲ್ಲ. ಬಗೆಯ ಭೇದ ನೋಡುವವನ ಮನಸ್ಸಿನ ಕಲ್ಪನೆ ಮಾತ್ರ ಎಂಬ ವಾದಕ್ಕೆ ಈ ಸಂಗತಿ ಒಂದು ಮಿತಿ ಹಾಕುತ್ತದೆ.

ಪ್ರಭೇದದ ನಿರ್ಣಯಕ್ಕೆ ಬಹುತೇಕ ಸಲ ಜೀವಿಯನ್ನು ಹಿಡಿದು ಅದರ ಅಂಗವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಇಡಬೇಕಾಗುತ್ತದೆ. ಅಹಿಂಸೆಯನ್ನು ಮೊದಲಿಟ್ಟವನು ಅಷ್ಟು ದೂರ ಹೋಗದೆ ಇರಬಹುದು. ಹೋಗದೆ ಇದ್ದರೂ ಅವನ ಅರಿವು ಸುಳ್ಳಾಗುವುದಿಲ್ಲ. ವಸ್ತು ಹೇಗಿದೆಯೋ ಹಾಗೆ ತಿಳಿಯುವುದೇ ಪ್ರಮೆ ಎಂದು ನ್ಯಾಯ ಹೇಳುತ್ತದೆ. ಎಲ್ಲವನ್ನೂ ತಿಳಿದರೆ ಮಾತ್ರ ಪ್ರಮೆ ಎಂದು ಹೇಳುವುದಿಲ್ಲ. ಚಲನೆ ಕಂಡರೆ ಜೀವಿ ಎನ್ನಬಹುದು. ಎದೆಫಲಕ, ಗುದಫಲಕ, ಹದಿಮೂರರ ಲೆಕ್ಕ ಕಂಡರೆ ಗಣವನ್ನು ಹೇಳಬಹುದು. ಪಶ್ಚಿಮಘಟ್ಟದ ನೆಲೆಯನ್ನು ಅದಕ್ಕೆ ಸೇರಿಸಿದರೆ ಆರ್ಥ್ರೊಸ್ಫೀರಾ ಕುಲವೆನ್ನಬಹುದು. ಗಂಡಿನ ಉಪಾಂಗವನ್ನು ಪರೀಕ್ಷಿಸದೆ ಅದರಾಚೆ ಹೇಳುವುದು ಊಹೆ. ಸಾಕ್ಷ್ಯ ಮುಗಿದಲ್ಲಿ ‘ಆರ್ಥ್ರೊಸ್ಫೀರಾ ಕುಲದ ಒಂದು ಪ್ರಭೇದ’ ಎಂದು ನಿಲ್ಲಿಸಿದ ನಿರ್ಣಯ ತನ್ನ ಮಟ್ಟದಲ್ಲಿ ಪೂರ್ಣವಾದ ಪ್ರಮೆಯೇ.